ದೀಕ್ಷಾಸ್ನಾನಕ್ಕೆ ಮೊದಲು

ಮೂರು ತಿಂಗಳ ಮಗಳಿಗೆ ಜ್ವರ ಬಂದು ಹೋದದ್ದೇ ತಡ, ಅಜ್ಜಿಗೆ ಗಡಿಬಿಡಿ: 'ಲಗೂನ ದೀಕ್ಷಾಸ್ನಾನ ಮಾಡಿಸ್ರಿ.' ನಾವು ಬಿಳಿ ಫ್ರಾಕು, ಊಟದ ಲೆಕ್ಕದಲ್ಲಿದ್ದೆವು. ನಮ್ಮದು ಸಿ.ಎಸ್.ಐ. ಸಭೆ. ಸಭಾಪಾಲಕರು ಮನೆಗೆ ಬಂದು, 'ಇದೇನು ತಾಯತ ಅಲ್ರಿ ಅಜ್ಜಿ. ದೇವರು ಕೂಸನ್ನ ಮೊದಲ ಪ್ರೀತಿ ಮಾಡ್ಯಾನ, ನೀರು ಅದರ ಗುರುತು' ಎಂದರು. ಆಮೇಲೆ ನಮ್ಮತ್ತ ತಿರುಗಿ, 'ಕೂಸಿನ ಪರವಾಗಿ ಮಾತು ಕೊಡವ್ರು ನೀವು. ಇಬ್ರೂ ಕೂಡಿ ಪ್ರಾರ್ಥನೆ ಮಾಡಿ ಎಷ್ಟು ದಿನ ಆತು?'

ನೆಲ ನೋಡಿದೆವು. ಮದುವೆಯ ಹೊಸತರಲ್ಲಿ ಮಾಡಿದ್ದೇ ಕೊನೆ.

ದೊಡ್ಡವಳಾಗಿ ದೃಢೀಕರಣದ ದಿನ ಆ ಮಾತನ್ನು ಅವಳೇ ತನ್ನದೆಂದು ಒಪ್ಪಬೇಕು. ಅಲ್ಲಿವರೆಗೆ ಹೊಣೆ ನಮ್ಮದು, ಸಭೆಯದೂ. ದಿನಾಂಕ ಎರಡು ವಾರ ಮುಂದಕ್ಕೆ ಹಾಕಿಸಿಕೊಂಡೆವು. ಆ ರಾತ್ರಿ ತೊಟ್ಟಿಲ ಪಕ್ಕ ಕುಳಿತು ಕರ್ತನ ಪ್ರಾರ್ಥನೆ ಶುರು ಮಾಡಿದರೆ ನಡುವೆ ಒಂದು ಸಾಲು ಮರೆತೇ ಹೋಗಿತ್ತು. ಅಜ್ಜಿ ಒಳಗಿನಿಂದ ಹೇಳಿಕೊಟ್ಟಳು.