ಅಪ್ಪನಿಗೆ ಸಿಗದ ಸ್ವಿಚ್ಚು

ಭಾವ ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶ ಮುಗಿಸಿ ಅಪ್ಪ, ನಾನು ಅಲ್ಲೇ ಉಳಿದೆವು. ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಗಿ ನೋಡಿದರೆ ಅಪ್ಪ ಕತ್ತಲಲ್ಲಿ ಗೋಡೆ ತಡವುತ್ತಾ ನಿಂತಿದ್ದಾರೆ. ಬಚ್ಚಲಿಗೆ ಹೋಗಬೇಕು, ಸ್ವಿಚ್ಚು ಸಿಗುತ್ತಿಲ್ಲ. ಗೋಡೆಯಲ್ಲಿದ್ದದ್ದು ನುಣ್ಣನೆಯ ಗಾಜು. ಎಲ್ಲೋ ಬೆರಳು ತಾಗಿ ಕಿಟಕಿ ಪರದೆ ತಾನೇ ಸರಿಯಿತು. ಬೀದಿದೀಪದ ಬೆಳಕಲ್ಲಿ ಹೋಗಿ ಬಂದರು.

ಬೆಳಗ್ಗೆ ಭಾವ ಲೆಕ್ಕ ಹೇಳಿದರು. ದೀಪ, ಫ್ಯಾನು, ಪರದೆ, ಬಾಗಿಲ ಬೀಗ, ಹಾಲ್‌ನಲ್ಲಿ ಥಿಯೇಟರಿನಂಥ ಟಿವಿ, ಸ್ಪೀಕರು ಎಲ್ಲಾ ಸೇರಿ 6 ಲಕ್ಷ. "ಆಫೀಸಲ್ಲಿ ಕೂತೇ ಮನೆ ದೀಪ ಆರಿಸಬಹುದು ಮಾವ" ಅಂದರು. ಅಪ್ಪ, "ಮನೇಲಿ ಯಾರೂ ಇರಲ್ವೇನ್ರೀ?" ಅಂತ ಕೇಳಿದರು.

ನಗಬೇಡಿ. ನಮ್ಮ ತೋಟದಲ್ಲೂ ಇಂಥದ್ದೊಂದಿದೆ, ನಿಮ್ಮಲ್ಲಿ ಎಷ್ಟೋ ಜನರ ಹತ್ತಿರ ಇರುತ್ತೆ: ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಾಗಲೆಲ್ಲ ಅಪ್ಪ ಬ್ಯಾಟರಿ ಹಿಡಿದು ಹೋಗುತ್ತಿದ್ದರು. ಒಂದು ರಾತ್ರಿ ಪಂಪ್‌ಹೌಸ್ ಬಾಗಿಲಲ್ಲೇ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಮರುವಾರವೇ 6,500 ಕೊಟ್ಟು ಸ್ಟಾರ್ಟರ್ ತಂದೆ. ಈಗ ಹಾಸಿಗೆಯಿಂದಲೇ ಫೋನು. ಬೋರಿನಲ್ಲಿ ನೀರು ಇಳಿದರೆ ಮೋಟರ್ ಎಳೆಯೋ ಕರೆಂಟೂ ಇಳಿಯುತ್ತೆ, ಅದನ್ನು ಗುರುತಿಸಿ ಸ್ಟಾರ್ಟರೇ ಆಫ್ ಮಾಡುತ್ತೆ. ಒಂದು ಫೇಸ್ ಹೋದರೂ ಹಾಗೇ. ಅದಕ್ಕೂ ಮುಂಚೆ ಒಮ್ಮೆ ಮೋಟರ್ ಸುಟ್ಟು, ಎತ್ತಿಸಿ, ವೈಂಡಿಂಗ್ ಮಾಡಿಸಿ ಇಳಿಸೋಕೆ 18 ಸಾವಿರ ಹೋಗಿತ್ತು. ಸಿಮ್ಮಿಗೆ ಕರೆನ್ಸಿ ಹಾಕಿಸೋದು ಮರೆತು ನಾನು ಬೈಸಿಕೊಂಡದ್ದೂ ಉಂಟು. ಆದರೆ ಅವತ್ತೂ ಡಬ್ಬಿಯ ಹಸಿರು ಗುಂಡಿ ಒತ್ತಿದರೆ ಮೋಟರ್ ಓಡಿತು.

ಭಾವನ ಮನೆ ವಿಷಯದಲ್ಲಿ ನನ್ನ ತಕರಾರು ದುಡ್ಡಿನದ್ದಷ್ಟೇ ಅಲ್ಲ. ಇಂಥ ಎಷ್ಟೋ ಯಂತ್ರಗಳು ದೂರದ ಕಂಪನಿ ಸರ್ವರ್ ನಡೆಯೋವರೆಗೆ ಮಾತ್ರ ನಡೆಯುತ್ತವೆ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದಿತ್ತು, ಮನೆಯ ದೀಪ, ಬೀಗ ಎಲ್ಲಾ ಒಂದೇ ಕಡೆಯಿಂದ ನಡೆಸೋ ಡಬ್ಬಿ. ಜನ ಸುಮಾರು 300 ಡಾಲರ್ ಕೊಟ್ಟು ಕೊಂಡಿದ್ದರು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು, 2016ರಲ್ಲಿ ಸೇವೆ ನಿಲ್ಲಿಸಿತು. ಡಬ್ಬಿ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು.

ಈಗ ನಮ್ಮ ಕಡೆಯೂ ಮನೆ ಕಟ್ಟಿಸೋರಿಗೆ ಇವನ್ನು ತೋರಿಸೋರು ಬರುತ್ತಿದ್ದಾರೆ. ತಗೊಳ್ಳಿ, ತಪ್ಪಿಲ್ಲ. ವಯಸ್ಸಾದವರು ಒಬ್ಬರೇ ಇರೋ ಮನೆಗೆ ಬಾಗಿಲ ಕ್ಯಾಮೆರಾ ನಾನೇ ಹಾಕಿಸಿಕೊಟ್ಟಿದ್ದೀನಿ. ಆದರೆ ದುಡ್ಡು ಎಣಿಸೋ ಮುಂಚೆ ಅಂಗಡಿಯವರ ಎದುರಲ್ಲೇ ನೆಟ್ ಆಫ್ ಮಾಡಿಸಿ, ದೀಪ ಕೈಯಲ್ಲಿ ಹತ್ತುತ್ತಾ ನೋಡಿ. ಭಾವನಿಗೂ ಕೇಳಿದ್ದೆ, ನೆಟ್ ಹೋದರೆ ಏನು ಕಥೆ ಅಂತ. "ವಿಚಾರಿಸಬೇಕು ಕಣೋ" ಅಂದಿದ್ದರು.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಆ ಕೋಣೆಗೆ ಹಳೇ ಥರದ ಸ್ವಿಚ್ಚು ಹಾಕಿಸಿದ್ದಾರಂತೆ, ಅಪ್ಪನನ್ನು ಕರಕೊಂಡು ಬಾ ಅಂದಳು. ಅಪ್ಪ ಫೋನಿನ ಚಾರ್ಜರ್ ಮೊದಲು ಚೀಲಕ್ಕೆ ಹಾಕಿಕೊಂಡರು. ಮೋಟರ್ ಅಲ್ಲಿಂದಲೇ ಹಾಕ್ತಾರಂತೆ.