ಎಫ್-1 ಒತ್ತಿದ ಬೆಳಗುಗಳು

ನಮ್ಮ ಮನೆ ಕಂಪ್ಯೂಟರಿಗೆ ಬ್ಯಾಕಪ್ ಇಲ್ಲ ಎಂದು ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಇತ್ತು. ಮಾವಿನ ತೋಪಿನ ಲೆಕ್ಕ, ತಂಗಿಯ ಮದುವೆ ಫೋಟೊ, ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ನೆನಪುಗಳು, ಎಲ್ಲವನ್ನೂ ಸಿ ಡ್ರೈವಿನಿಂದ ಡಿ ಡ್ರೈವಿಗೆ ಆಗಾಗ ಕಾಪಿ ಮಾಡುತ್ತಿದ್ದೆ. ಸಿ, ಡಿ, ಇ ಎಲ್ಲವೂ ಒಂದೇ ಡಿಸ್ಕಿನ ಮೇಲೆ ಹಾಕಿದ ಬದುಗಳು ಎನ್ನುವುದು ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಆ ಪಾರ್ಟಿಷನ್ ಮಾಡಿದವನೇ ನಾನು.

ಶ್ರೀನಿವಾಸಪುರದಲ್ಲಿ ಮೇ ತಿಂಗಳಿಂದ ಜುಲೈವರೆಗೆ ಯಾರಿಗೂ ಬಿಡುವಿರುವುದಿಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ, ಕೊನೆಗೆ ತೋತಾಪುರಿ. ಮಂಡಿಯ ಚೀಟಿ, ಕೂಲಿ, ಗಾಡಿ ಬಾಡಿಗೆ ಎಲ್ಲವೂ ಅದೇ ದಿನ ಲೆಕ್ಕಕ್ಕೆ ಹತ್ತಬೇಕು. ಅಂಥ ಸುಗ್ಗಿಯಲ್ಲೇ, ಸ್ವಿಚ್ ಹಾಕಿದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರತೊಡಗಿತು: ಡಿಸ್ಕಿನ ಸ್ಥಿತಿ ಕೆಟ್ಟಿದೆ, ಬ್ಯಾಕಪ್ ತೆಗೆದು ಬದಲಿಸಿ, ಮುಂದುವರಿಯಲು ಎಫ್-1 ಒತ್ತಿ. ನಾನು ಆ ಸಾಲಿನ ಕೊನೆಯ ಭಾಗವನ್ನಷ್ಟೇ ಪಾಲಿಸಿದೆ. "ಏನೋ ಬರ್ತೈತಲ್ಲೋ, ಓದಿ ನೋಡೋ" ಎಂದರು ಅಪ್ಪ. "ಏನಿಲ್ಲಪ್ಪ, ಹಳೇ ಕಂಪ್ಯೂಟರ್ ಅಲ್ವಾ" ಎಂದೆ.

ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಓದಲಾಗದ ಸೆಕ್ಟರುಗಳೆಷ್ಟು, ಕೈಬಿಟ್ಟು ಬೇರೆ ಜಾಗ ಕೊಟ್ಟವು ಎಷ್ಟು ಎಂಬ ಆ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ಅದು ಮಿತಿ ದಾಟಿದಾಗ ಬರುವ ಎಚ್ಚರಿಕೆಯೇ ಆ ಸಾಲು. ಎಲ್ಲ ಡಿಸ್ಕುಗಳೂ ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದಿಲ್ಲ. 2007ರಲ್ಲಿ ಗೂಗಲ್‌ನವರು ತಮ್ಮ ಡಿಸ್ಕುಗಳನ್ನು ಅಧ್ಯಯನ ಮಾಡಿದಾಗ, ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಹೋಗಿದ್ದವು. ನಮ್ಮದು ಹೇಳಿ, ಕಾದು, ಮತ್ತೆ ಹೇಳಿತು.

ನಂತರ ಟಿಕ್ ಟಿಕ್ ಸದ್ದು ಶುರುವಾಯಿತು. ಆಗಲಾದರೂ ವೈರು ಕಿತ್ತಿಡಬೇಕಿತ್ತು. ನಾನು ರಿಪೇರಿಗೆ ಕೂತೆ. ವಿಂಡೋಸ್‌ನ ಚೆಕ್‌ಡಿಸ್ಕ್ ಅನ್ನು ಕೆಟ್ಟ ಸೆಕ್ಟರು ಹುಡುಕುವ ಆಯ್ಕೆಯೊಂದಿಗೆ ಓಡಿಸಿ ಮಲಗಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ನ್ಯಾನೊಮೀಟರುಗಳಲ್ಲಿ ಅಳೆಯುವಷ್ಟು ಎತ್ತರದಲ್ಲಿ ತೇಲುವ ಹೆಡ್ ಅದು. ಆ ಕಮ್ಯಾಂಡು ಸವೆದ ಹೆಡ್‌ನ ಕೈಲಿ ಡಿಸ್ಕಿನ ಮೂಲೆ ಮೂಲೆಯನ್ನೂ, ಖಾಲಿ ಜಾಗವನ್ನು ಸಹ, ಓದಿಸುತ್ತದೆ. ಓದಲು ಬಾರದ ಕಡೆ ಮತ್ತೆ ಮತ್ತೆ ತಡಕಾಡಿಸುತ್ತದೆ. ಫೋಲ್ಡರಿನ ಕೊಂಡಿ ತಪ್ಪಿದ ಫೈಲುಗಳ ಹೆಸರು ಅಳಿಸಿ ನಂಬರು ಕೊಟ್ಟು ಒಂದೆಡೆ ರಾಶಿ ಹಾಕುತ್ತದೆ. ಫೈಲ್ ಸಿಸ್ಟಮ್ ಸರಿಯಾಗಬೇಕು ಎಂಬುದು ಅದರ ಗುರಿ. ಅಪ್ಪನ ಪುಟಗಳು ಉಳಿಯಬೇಕು ಎಂಬುದು ನನ್ನದು. ಎರಡೂ ಒಂದೇ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದಾಗ ವಿಂಡೋಸ್ ಮೇಲೇಳಲೇ ಇಲ್ಲ.

ಸಿಕ್ಕವರಿಗೆಲ್ಲ ಕರೆಂಟಿನಿಂದ ಹೀಗಾಯಿತು ಎಂದೆ. ನಮ್ಮ ಕಡೆ ಅದನ್ನು ಯಾರೂ ಅನುಮಾನಿಸುವುದಿಲ್ಲ. ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲು ಹಾಳಾಗುವುದುಂಟು, ನಿಜ. ಆದರೆ ಈಗಿನ ಡಿಸ್ಕುಗಳು ತಟ್ಟೆ ತಿರುಗುತ್ತಿರುವ ವೇಗದಿಂದಲೇ ಶಕ್ತಿ ಪಡೆದು ಹೆಡ್ ಅನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತವೆ. ನಮ್ಮದಕ್ಕೆ ವಯಸ್ಸಾಗಿತ್ತು, ಮೇಲಿಂದ ನನ್ನ ಉಪಚಾರ.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಕೋಲಾರದ ಅಂಗಡಿಯೊಂದರಲ್ಲಿ "ಡೇಟಾ ಬೇಕಾ ಸಾರ್, ಇಲ್ಲಾ ಫಾರ್ಮ್ಯಾಟ್ ಮಾಡಿಬಿಡ್ಲಾ?" ಎಂದು ಕೇಳಿದರು. ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ ಎಂದವರೂ ಇದ್ದರು. ಹೊರತೆಗೆದಾಗ ತಟ್ಟೆಯ ಮೇಲೆ ನೀರು ಕಟ್ಟಿಕೊಂಡರೆ ಉಳಿದದ್ದೂ ಹೋಗುತ್ತದೆ. ಹೇಗೋ ಅಷ್ಟು ವಿವೇಕ ಉಳಿದಿತ್ತು. ದಾರಿ ಹೇಳಿದವನು ಮಾಲೂರಿನ ಗೆಳೆಯ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. "ಮೊದಲು ಆಫ್ ಮಾಡು" ಎಂದ. ಎಸ್‌ಪಿ ರೋಡಿನಿಂದ ಹಳೆಯದಕ್ಕಿಂತ ದೊಡ್ಡ ಹೊಸ ಡಿಸ್ಕು, ವಿಂಡೋಸ್ ಹಾಕಲು ಒಂದು ಎಸ್‌ಎಸ್‌ಡಿ ತಂದುಕೊಟ್ಟ.

ಬದಲಿಸುವುದೇನೂ ದೊಡ್ಡ ವಿದ್ಯೆಯಲ್ಲ: ಸ್ಕ್ರೂ ಬಿಚ್ಚಬೇಕು, ಒಂದು ಸಾಟಾ ಕೇಬಲ್, ಒಂದು ಪವರ್ ಕೇಬಲ್, ಮುಗಿಯಿತು. ಕಷ್ಟವಿದ್ದದ್ದು ಹಳೆಯದರಿಂದ ಸಿಕ್ಕಷ್ಟನ್ನು ಇಳಿಸಿಕೊಳ್ಳುವುದರಲ್ಲಿ. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ ಡಿಡಿರೆಸ್ಕ್ಯೂ ಓಡಿಸಿದೆವು. ಅದು ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತೊಡಕಿನ ಜಾಗಗಳನ್ನು ಗುರುತು ಹಾಕಿ ದಾಟುತ್ತದೆ, ಹಟ ಹಿಡಿಯುವುದು ಕೊನೆಯಲ್ಲಿ ಮಾತ್ರ. ನಾನು ಮಾಡಿದ್ದು ಇದರ ತಿರುಗುಮುರುಗು.

ಲೆಕ್ಕ ಬಹುಪಾಲು ಸಿಕ್ಕಿತು. ಫೋಟೊಗಳೂ ಬಂದವು, ಕೆಲವು ಅರ್ಧಕ್ಕೆ ಬೂದು ಬಣ್ಣವಾಗಿ. ಅಪ್ಪನ ಬರಹ ಮಾತ್ರ ಹೆಸರಿಲ್ಲದ ಫೈಲುಗಳ ರಾಶಿಯಲ್ಲಿ ಎಲ್ಲೋ ಇತ್ತು. ಕನ್ನಡದಲ್ಲಿ ಹುಡುಕೋಣವೆಂದರೆ ಅವರು ಬಳಸಿದ್ದು ನುಡಿಯ ಹಳೆಯ ಫಾಂಟು, ಯೂನಿಕೋಡ್ ಅಲ್ಲ. ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ, ಸೊಟ್ಟ ಚಿಹ್ನೆಗಳು ಬೆರೆತ ಇಂಗ್ಲಿಷ್ ಅಕ್ಷರಗಳು. ಕೊನೆಗೆ ನಮ್ಮ ಊರಿನ ಹೆಸರನ್ನು ನುಡಿಯಲ್ಲೇ ಟೈಪ್ ಮಾಡಿ, ಮೂಡಿದ ಗೋಜಲನ್ನೇ ಕಾಪಿ ಮಾಡಿ ಹುಡುಕಿದೆ. ಕೆಲವು ಅಧ್ಯಾಯಗಳು ಸಿಕ್ಕವು. ಅವರ ಟಿಸಿಎಚ್ ಶಿಕ್ಷಕ ತರಬೇತಿಯ ದಿನಗಳು, ಅಜ್ಜಿ ಮಲ್ಬರಿ ಸೊಪ್ಪು ಕೊಯ್ಯುತ್ತಿದ್ದ ಭಾಗ ಸಿಗಲಿಲ್ಲ.

ಅಪ್ಪ ಬೈಯಲಿಲ್ಲ. ಹೋದದ್ದನ್ನು ಮತ್ತೆ ಬರೆಯಲು ಕೂತರು, ಈ ಸಲ ಯೂನಿಕೋಡಿನಲ್ಲಿ. ಎರಡು ಪುಟಕ್ಕೇ ನಿಲ್ಲಿಸಿದರು. "ಆವಾಗ ಬರ್ದಂಗೆ ಬರ್ತಾ ಇಲ್ಲ" ಎಂದರು. ನಾನು ಒತ್ತಾಯ ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ?

ಈಗ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಿವೆ. ಒಂದು ಮನೆಯಲ್ಲಿ, ಒಂದು ಮುಳಬಾಗಿಲಿನ ತಂಗಿ ಮನೆಯ ಬೀರುವಿನಲ್ಲಿ. ಪ್ರತಿ ತಿಂಗಳು ಹೋಗಿ ಇದನ್ನು ಅಲ್ಲಿಟ್ಟು ಅದನ್ನು ತರಬೇಕು ಎಂದು ಮಾತಾಗಿದೆ. ಹೋದ ತಿಂಗಳು ಹೋಗಲಾಗಲಿಲ್ಲ. ತೋತಾಪುರಿ ಕೀಳಿಸುತ್ತಿದ್ದೆವು.