ಕಾಯಿಲ್ ಕಿತ್ತೆಸೆಯುವ ಮೊದಲು

ನಂದಗುಡಿ, ಹೊಸಕೋಟೆ ಕಡೆ ಹಳೇ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿ ಉಳಿಸಿಕೊಂಡವರಲ್ಲಿ ಒಂದು ಕೋರಿಕೆ. ಬಿಸಿಯೇರಿದ ಗಾಡಿ ನಿಂತುಹೋದರೆ ಕಾಯಿಲ್ ಮೇಲೆ ಅಪವಾದ ಹೊರಿಸುವ ಮೊದಲು ಮೀಟರ್ ಹಿಡಿಯಿರಿ, ಅದೂ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಕೂಡಿಕೊಂಡಿರುವಾಗ. ಪಾಯಿಂಟ್ ತೆರೆದಿದ್ದರೆ ಕರೆಂಟು ಹರಿಯುವುದೇ ಇಲ್ಲ. ಆಗ ಕಾಯಿಲ್‌ಗೆ ಬರುವ ವೈರಿನಲ್ಲಿರುವ ಬ್ಯಾಲಸ್ಟ್ ರೆಸಿಸ್ಟರ್ ಸರಿಯಿದ್ದರೂ ಕಾಯಿಲ್ ತುದಿಯಲ್ಲಿ ಬ್ಯಾಟರಿಯ ಪೂರ್ತಿ 12 ವೋಲ್ಟ್ ಕಾಣುತ್ತದೆ. ಎಷ್ಟೋ ಒಳ್ಳೆಯ ರೆಸಿಸ್ಟರುಗಳು ಗುಜರಿ ಸೇರುವುದು ಈ ಒಂದು ಅಳತೆಯಿಂದ. ಕಾಯಿಲ್‌ನ ಪ್ರೈಮರಿ 1.5 ಓಮ್, ರೆಸಿಸ್ಟರೂ ಅಷ್ಟೇ ಇದ್ದರೆ ಪಾಯಿಂಟ್ ಕೂಡಿದಾಗ ಹರಿಯುವುದು 4 ಆಂಪಿಯರ್, ಕಾಯಿಲ್‌ಗೆ ಸಿಗುವುದು ಸುಮಾರು 6 ವೋಲ್ಟ್.

ರೆಸಿಸ್ಟರ್ ತೆಗೆದು ನೇರ ವೈರ್ ಕೊಟ್ಟರೆ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತದಲ್ಲ ಎನ್ನುವವರಿದ್ದಾರೆ. ಆಗುತ್ತದೆ, ನಿಜ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುವುದರಿಂದ ಆ ಕ್ಷಣಕ್ಕೆ ಮಾತ್ರ ರೆಸಿಸ್ಟರನ್ನು ತಪ್ಪಿಸುವ ವೈರಿಂಗ್ ಎಷ್ಟೋ ಕಾರುಗಳಲ್ಲಿ ಇದ್ದದ್ದೇ. ಆದರೆ ಓಡುವಾಗಲೂ ಹಾಗೇ ಬಿಟ್ಟರೆ ಕರೆಂಟು ಎರಡು ಪಟ್ಟು, ಕಾಯಿಲ್‌ನ ಶಾಖ ನಾಲ್ಕು ಪಟ್ಟು, ಪಾಯಿಂಟೂ ಸುಟ್ಟುಹೋಗುತ್ತದೆ. ರೆಸಿಸ್ಟರ್ ಬೇಡದ್ದು 3 ಓಮಿನ ಕಾಯಿಲ್‌ಗೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಹಾಗಾಗಿ ಈಗ ಸಿಕ್ಕಿದ ಕಾಯಿಲ್ ತರುವವರು ಬ್ರ್ಯಾಂಡಿಗಿಂತ ಮೊದಲು ಓಮ್ ಕೇಳಬೇಕು.